ನಾನು ಅಂಜಿಕೆ ಎಂದ ನೋವು

ನಮ್ಮ ಕಾಲೊನಿಯ ಹೆಂಗಸರು ನನ್ನನ್ನು ಮೇಡಂ ಎಂದು ಕರೆಯುತ್ತಿದ್ದರು. ನಾನು ಟೀಚರೂ ಅಲ್ಲ, ಡಾಕ್ಟರೂ ಅಲ್ಲ. ಛತ್ರಪತಿ ಸಂಭಾಜಿನಗರದ ನಮ್ಮ ಮನೆಯೆದುರಿನ ಗಾರ್ಡನ್ನಿನಲ್ಲಿ ಬೆಳಗ್ಗೆ ಆರಕ್ಕೆ ಚಾಪೆ ಹಾಸಿ ಹದಿನಾಲ್ಕು ಜನರಿಗೆ ಪ್ರಾಣಾಯಾಮ ಹೇಳಿಕೊಡುತ್ತಿದ್ದೆ, ಅಷ್ಟಕ್ಕೇ ಆ ಪಟ್ಟ. ಹತ್ತು ದಿನದ ಒಂದು ಶಿಬಿರ, ಒಂದಿಷ್ಟು ಮೊಬೈಲ್ ವಿಡಿಯೊ, ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಬಾಯಿ ಮಾತ್ರ ಅದಕ್ಕಿಂತ ದೊಡ್ಡದು. ಯಾರಿಗೆ ತಲೆ ನೋಯಲಿ, ಯಾರಿಗೆ ನಿದ್ದೆ ಬಾರದಿರಲಿ, ಎಲ್ಲದಕ್ಕೂ ಟೆನ್ಶನ್ ಎಂದುಬಿಡುತ್ತಿದ್ದೆ. ಹೆದರಿದಾಗ ಮೈ ತಾನಾಗಿಯೇ ಓಡಲು ತಯಾರಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಗಿಡ್ಡವಾಗುತ್ತದೆ, ಕೈ ತಣ್ಣಗಾಗುತ್ತದೆ, ಅದನ್ನು ಉಸಿರಿನಿಂದಲೇ ಹಿಡಿದು ಕೂರಿಸಬೇಕು ಎಂದು ದಿನಾ ಭಾಷಣ ಬಿಗಿಯುತ್ತಿದ್ದೆ. ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಅದನ್ನೇ ನಂಬಿ ಕೂತು ನನ್ನ ಮಗಳನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಅವಳಿಗೆ ಆಗ ಇಪ್ಪತ್ತೊಂದು. ಅಪ್ಪನ ಎತ್ತರ, ಮೈಯಲ್ಲಿ ಮಾಂಸವೇ ಇಲ್ಲ. ಎರಡು ವರ್ಷದಿಂದ ಪೊಲೀಸ್ ಭರತಿಗೆ, ಅಂದರೆ ನೇಮಕಾತಿಗೆ, ತಯಾರಿ ನಡೆಸಿದ್ದಳು. ಬೆಳಗಾದರೆ ಮೈದಾನ, ಎಂಟುನೂರು ಮೀಟರ್ ಓಟ, ಗುಂಡು ಎಸೆತ. ನಾವು ಬೀದರ್ ಕಡೆಯವರು. ಅವಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ, ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಓಟದ ಪರೀಕ್ಷೆ ನಾಶಿಕದಲ್ಲಿ ಬಂತು. ಅವಳಪ್ಪನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಹಿಂದಿನ ದಿನ ಬೆಳಗಿನ ಬಸ್ಸಿಗೆ ನಾನೇ ಅವಳ ಜೊತೆ ಹೊರಟೆ.

ದಾರಿಯಲ್ಲಿ ಯೇವಲಾ ಊರು ದಾಟುವ ಹೊತ್ತಿಗೆ ಅವಳು ಒಮ್ಮೆ ಕೆಮ್ಮಿದಳು. ಆಮೇಲೆ ಬಲಗಡೆಯ ಪಕ್ಕೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಏನೆಂದು ಕೇಳಿದರೆ ಚುಚ್ಚಿದ ಹಾಗಾಗುತ್ತಿದೆ, ಹೆಗಲವರೆಗೂ ಬರುತ್ತಿದೆ ಎಂದಳು. ಕಿಟಕಿಯ ಗಾಳಿ ಎಂದೆ ನಾನು. ನಾಶಿಕದ ಲಾಡ್ಜಿನಲ್ಲಿ ನಮ್ಮ ಕೋಣೆ ಎರಡನೆಯ ಮಾಳಿಗೆಯಲ್ಲಿತ್ತು. ಮೊದಲ ತಿರುವಿನಲ್ಲೇ ಅವಳು ಕಂಬಿ ಹಿಡಿದು ನಿಂತುಬಿಟ್ಟಳು. ದಿನಾ ಎಂಟುನೂರು ಮೀಟರ್ ಓಡುವವಳು ಹತ್ತು ಮೆಟ್ಟಿಲಿಗೆ ನಿಂತಳು. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ, ನಾಳೆಯ ಅಂಜಿಕೆ ಈಗಲೇ ಶುರುವಾಯಿತಲ್ಲ ಎಂದು ನಕ್ಕೆ. ಆ ನಗುವಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ಮಧ್ಯಾಹ್ನ ಅವಳಪ್ಪ ಫೋನ್ ಮಾಡಿದರು. ನಾನು ವಿಷಯ ಹೇಳಿದೆ.

"ಒಮ್ಮಿ ಡಾಕ್ಟರಿಗಿ ತೋರ್ಸು. ತೋರ್ಸಿದ್ರ ಏನ್ ಹೋಗ್ತದ?" ಎಂದರು.

"ನಿಮಗೇನ್ ತಿಳೀತದರಿ? ನಾಳಿ ಓಡಾದು ಅದ, ಅದಕ್ಕ ಟೆನ್ಶನ್ ಆಗ್ಯಾದ. ನಾ ಅದೀನಲ್ಲ, ನೋಡ್ಕೋತೀನಿ" ಎಂದು ಇಟ್ಟುಬಿಟ್ಟೆ.

ಅವಳ ನಾಡಿ ಹಿಡಿದು ನೋಡಿದೆ. ಓಡುತ್ತಿತ್ತು. ಅಂಗೈ ತಣ್ಣಗಿತ್ತು, ಹಣೆಯ ಮೇಲೆ ಬೆವರು, ಉಸಿರು ಮೇಲಿಂದ ಮೇಲೆ. ನಾನು ದಿನಾ ಹೇಳುವ ಎಲ್ಲ ಲಕ್ಷಣಗಳೂ ಒಂದೂ ತಪ್ಪದೆ ಕಂಡವು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ವಿದ್ಯೆ ನನ್ನ ಮಗಳಿಗೇ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ.

"ಕುಂದ್ರು. ಬೆನ್ನು ನೆಟ್ಟಗ ಮಾಡು. ಕಪಾಲಭಾತಿ ಮೂರು ಸುತ್ತು. ನಾ ಎಣಸ್ತೀನಿ."

"ಆಯಿ, ಶ್ವಾಸಚ್ ಘೇತಾ ಯೇತ ನಾಹಿ" ಎಂದಳು. ಉಸಿರು ಎಳೆಯಲಿಕ್ಕೇ ಆಗುತ್ತಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

"ಅದಕ್ಕೇ ಮಾಡಂತ ಹೇಳ್ಲಕತ್ತೀನಿ."

ಅವಳು ಕೂತಳು. ಮೂಗಿನಿಂದ ಜೋರಾಗಿ ಹೊರಗೆ ಬಿಡು, ಹೊಟ್ಟೆ ಒಳಗೆ ಎಳೆ ಎನ್ನುತ್ತ ನಾನು ಚಪ್ಪಾಳೆ ತಟ್ಟಿ ಎಣಿಸಿದೆ. ಮೊದಲ ಸುತ್ತು ಹೇಗೋ ಮುಗಿಯಿತು. ಉಸಿರು ಕಟ್ಟಿ ಹಿಡಿ ಎಂದೆ, ಹಿಡಿದಳು. ಎರಡನೆಯ ಸುತ್ತಿನ ನಡುವೆ ನನ್ನ ಕೈ ಹಿಡಿದುಕೊಂಡು ಬೇಡ ಎಂದು ತಲೆಯಾಡಿಸಿದಳು. ಇನ್ನು ಹತ್ತೇ ಹತ್ತು ಎಂದೆ. ಆ ಹತ್ತೂ ಮುಗಿಯುವ ಮೊದಲೇ ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತು, ಕಣ್ಣು ಮೇಲೆ ಹೋಯಿತು, ಹಾಸಿಗೆಯ ಮೇಲೆ ಪಕ್ಕಕ್ಕೆ ಉರುಳಿದಳು.

ಲಾಡ್ಜಿನವರು ಅವಳನ್ನು ಹೊತ್ತು ಇಳಿಸಿ ರಿಕ್ಷಾದಲ್ಲಿ ಹಾಕಿದ್ದು, ಆಸ್ಪತ್ರೆಯಲ್ಲಿ ಎಕ್ಸರೆ ತೆಗೆದದ್ದು, ಯಾವುದು ಮೊದಲು ಯಾವುದು ಆಮೇಲೆ ಎಂದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಆ ಎಕ್ಸರೆ. ಎಡಗಡೆ ಪುಪ್ಪುಸ ತುಂಬಿಕೊಂಡಿತ್ತು. ಬಲಗಡೆ ಬರೀ ಕಪ್ಪು, ನಡುವೆ ಮುಷ್ಟಿಯಷ್ಟು ಏನೋ ಮುದುಡಿ ಕೂತಿತ್ತು. ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಎತ್ತರವಾಗಿ ತೆಳ್ಳಗಿರುವವರಲ್ಲಿ ಕೆಲವರಿಗೆ ಪುಪ್ಪುಸದ ಮೇಲೆ ಸಣ್ಣ ಗುಳ್ಳೆಗಳಿರುತ್ತವಂತೆ. ಒಂದು ಒಡೆದರೆ ಗಾಳಿ ಹೊರಬಂದು ಪಕ್ಕೆಯೊಳಗೆ ತುಂಬಿ ಪುಪ್ಪುಸವನ್ನು ಅದುಮಿಬಿಡುತ್ತದಂತೆ. ನಾಡಿ ಓಡಿದ್ದು, ಕೈ ತಣ್ಣಗಾದದ್ದು ಗಾಳಿ ಸಾಲದೆ ಮೈ ಕೂಗಿಕೊಂಡದ್ದು. ಅವಳು ಅಂಜಿದ್ದಳು ನಿಜ, ಅಂಜಿದ್ದು ಉಸಿರು ಸಿಗದೆ. ನಾನು ಅದನ್ನು ತಿರುಗಾಮುರುಗಾ ಓದಿಕೊಂಡಿದ್ದೆ.

ಪಕ್ಕೆಯೆಲುಬುಗಳ ನಡುವೆ ತೂತು ಮಾಡಿ ನಳಿಗೆ ತೂರಿಸಿದರು. ನಳಿಗೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿತ್ತು, ಅವಳು ಉಸಿರು ಬಿಟ್ಟಾಗಲೆಲ್ಲ ಅದರಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದವು. ಅವಳ ಬಣ್ಣ ಸ್ವಲ್ಪ ಮರಳಿದ ಮೇಲೆ ಡಾಕ್ಟರು ನನ್ನನ್ನು ಕೇಳಿದರು, ಬೀಳುವ ಮೊದಲು ಏನು ಮಾಡುತ್ತಿದ್ದಳು, ಮೈಗೆ ಏನಾದರೂ ಶ್ರಮ ಬಿದ್ದಿತ್ತೇ ಎಂದು.

"ಮೆಟ್ಟಿಲು ಹತ್ತಿದ್ದಳು" ಎಂದೆ.

ಮಗಳು ಎಚ್ಚರವಾಗಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಮೇಲಿನ ಫ್ಯಾನ್ ನೋಡಿದಳು. ಸುದ್ದಿ ಕೇಳಿ ರಾತ್ರಿ ಓಡಿಬಂದ ಗಂಡನಿಗೂ ನಾನು ಅದೇ ಮೆಟ್ಟಿಲಿನ ಕತೆ ಹೇಳಿದೆ. ಅವಳು ಆಗಲೂ ಫ್ಯಾನನ್ನೇ ನೋಡುತ್ತಿದ್ದಳು. ಮರುದಿನ ಮೈದಾನದಲ್ಲಿ ಅವಳ ಜೊತೆಯ ಹುಡುಗಿಯರು ಓಡುವ ಹೊತ್ತಿಗೆ ನಾನು ಬಾಟಲಿಯ ಗುಳ್ಳೆ ನೋಡುತ್ತ, ಅದು ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೂಡ ತಿಳಿಯದೆ, ದೇವರಲ್ಲಿ ಏನು ಬೇಡಬೇಕೆಂದೇ ತೋಚದೆ ಕೂತಿದ್ದೆ.

ಆರನೆಯ ದಿನ ನಳಿಗೆ ತೆಗೆದರು. ಮನೆಗೆ ಬಂದೆವು. ನಾನು ಗಾರ್ಡನ್ನಿನ ತರಗತಿ ನಿಲ್ಲಿಸಿದೆ, ಹೆಂಗಸರು ಮನೆಗೇ ಬಂದು ಕರೆದರೂ ಹೋಗಲಿಲ್ಲ. ದಿನವಿಡೀ ಅವಳ ಎದೆ ಏರಿಳಿಯುವುದನ್ನು ಕಾಯುವುದೇ ನನ್ನ ಕೆಲಸವಾಯಿತು. ಅದು ಅವಳಿಗೆ ಗೊತ್ತಾದರೆ ಗೋಡೆಯ ಕಡೆ ಹೊರಳುತ್ತಿದ್ದಳು. ನೋವಿದೆಯಾ ಎಂದರೆ "ನಾಹಿ". ಉಸಿರು ಸರಿಯಾಗಿದೆಯಾ ಎಂದರೆ "ಹೋ", ಹೌದು, ಅಷ್ಟೇ. ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಒಂದು ತಿಂಗಳಾದ ಮೇಲೆ ಅವಳು ಅಪ್ಪನ ಗಾಡಿಯ ಹಿಂದೆ ಕೂತು ಎಲ್ಲಿಗೋ ಹೋಗಿಬಂದಳು. ಆಮೇಲೆ ಗಂಡನಿಂದ ತಿಳಿಯಿತು. ಎರಡು ದಿನದಿಂದ ಪಕ್ಕೆ ನೋಯುತ್ತಿತ್ತಂತೆ, ಡಾಕ್ಟರಿಗೆ ತೋರಿಸಿದರಂತೆ, ಹೊಲಿಗೆ ಹಾಕಿದ ಜಾಗದ ನೋವಂತೆ, ಹೆದರಬೇಕಾಗಿಲ್ಲವಂತೆ. ಆ ಎರಡು ದಿನ ನೋವಿದೆಯಾ ಎಂದು ನಾನು ಅವಳನ್ನು ಕನಿಷ್ಠ ಇಪ್ಪತ್ತು ಸಲ ಕೇಳಿದ್ದೆ. ಈ ರೋಗ ಮರಳಿ ಬರಬಹುದು ಎಂದು ನಾಶಿಕದಲ್ಲೇ ಹೇಳಿದ್ದರು. ಮನೆಯಲ್ಲಿ ದಿನವಿಡೀ ಅವಳ ಜೊತೆ ಇರುವವಳು ನಾನೊಬ್ಬಳೇ. ಮತ್ತೆ ಬಂದ ದಿನ ಅವಳು ನನಗೆ ಹೇಳದೆ ಹೋದರೆ? ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಂತುಹೋಗುತ್ತಿತ್ತು.

ಎರಡು ತಿಂಗಳಾದ ಮೇಲೆ ಇಲ್ಲಿಯ ಎದೆರೋಗದ ಡಾಕ್ಟರು ಪುಪ್ಪುಸದ ಶಕ್ತಿ ಅಳೆಯುವ ಪರೀಕ್ಷೆ ಬರೆದುಕೊಟ್ಟರು. ಸಣ್ಣ ಕೋಣೆ. ಮೂಗಿಗೆ ಚಿಮಟ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಎಳೆದುಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು, ಖಾಲಿಯಾಗುವವರೆಗೂ ನಿಲ್ಲಿಸಬಾರದು. ಊದಿದ್ದು ಪರದೆಯ ಮೇಲೆ ಗೆರೆಯಾಗಿ ಏರಿ ಇಳಿಯುತ್ತದೆ. ಟೆಕ್ನಿಷಿಯನ್ ಹೆಂಗಸು "ಜೋರಾತ್! ಅಜೂನ್, ಅಜೂನ್!" ಎಂದು, ಇನ್ನೂ ಜೋರಾಗಿ, ಇನ್ನೂ ಎಂದು ಕೂಗಿ ಹುರಿದುಂಬಿಸುತ್ತಿದ್ದಳು. ಮಗಳು ಅರ್ಧಕ್ಕೇ ಬಿಟ್ಟುಬಿಟ್ಟಳು. ಎರಡನೆಯ ಸಲವೂ ಅರ್ಧ. ಮೂರನೆಯ ಸಲ ಕೊಳವೆ ಬಾಯಿಗೆ ಹೋಗುವ ಮೊದಲೇ ಅವಳ ಕಣ್ಣು ನನ್ನ ಮೇಲಿತ್ತು. ಟೆಕ್ನಿಷಿಯನ್ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ ಎಂದಳು.

ಬಾಗಿಲಾಚೆಯ ಬೆಂಚಿನ ಮೇಲೆ ಕೂತೆ. ಒಳಗಿಂದ "ಅಜೂನ್, ಅಜೂನ್" ಕೇಳಿತು, ಆಮೇಲೆ "ಶಾಬ್ಬಾಸ್" ಎಂಬುದೂ ಕೇಳಿತು. ನಾನು ಎದ್ದುಹೋದದ್ದಕ್ಕೇ ಅವಳಿಗೆ ಊದಲು ಬಂತು. ಅಲ್ಲೇ ಸೆರಗು ಬಾಯಿಗೆ ಒತ್ತಿ ಅತ್ತೆ.

ಡಾಕ್ಟರು ರಿಪೋರ್ಟ್ ನೋಡಿ ಪುಪ್ಪುಸ ಚೆನ್ನಾಗಿ ಅರಳಿದೆ, ಅಂಕಿಗಳೂ ಒಳ್ಳೆಯವೇ ಎಂದರು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

"ಸರ್, ಆ ದಿವ್ಸ ಬೆಳಿಗ್ಗಿಂದ ನೋವಿತ್ತು. ಅಕಿ ಬ್ಯಾಡಂದ್ರೂ ನಾನೇ ಕಪಾಲಭಾತಿ ಮಾಡ್ಸಿದೆ" ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಬೇಕಾದ್ದನ್ನು ಗಾಬರಿಗೆ ಕನ್ನಡದಲ್ಲೇ ಹೇಳಿಬಿಟ್ಟೆ. ಅವರಿಗೆ ತಿಳಿಯಲಿಲ್ಲ. ಮಗಳೇ ಅದನ್ನು ಒಂದೊಂದಾಗಿ ಮರಾಠಿಗೆ ತಂದು ಹೇಳಿದಳು, ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಡಾಕ್ಟರು ರಿಪೋರ್ಟ್ ಕೆಳಗಿಟ್ಟರು. ಅದರಿಂದಲೇ ಹೆಚ್ಚಾಯಿತು ಎಂದು ಹೇಳಲಾಗದು, ಆದರೆ ಅಷ್ಟು ಹೊತ್ತು ಕಳೆದದ್ದು ತಪ್ಪು ಎಂದರು. ಮತ್ತೆ ಚುಚ್ಚಿದರೆ, ಉಸಿರು ಕಡಿಮೆಯಾದರೆ ಒಂದು ನಿಮಿಷವೂ ಕಾಯಬಾರದು, ಆಗ ಮೊದಲು ಯಾರಿಗೆ ಹೇಳುತ್ತೀಯ ಎಂದು ಅವಳನ್ನು ಕೇಳಿದರು.

"ಬಾಬಾನ್ನಾ" ಎಂದಳು. ಅಪ್ಪನಿಗೆ.

ಸಿಟ್ಟಿನಿಂದಲ್ಲ. ಊರು ಯಾವುದೆಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಡಾಕ್ಟರು ಫೈಲಿನ ಮೇಲಿದ್ದ ನನ್ನ ಮೊಬೈಲ್ ನಂಬರಿಗೆ ಅಡ್ಡಗೆರೆ ಎಳೆದು, ಅಪ್ಪನ ನಂಬರ್ ಹೇಳು ಎಂದರು. ಅವಳಿಗೆ ಅದು ಬಾಯಿಪಾಠ ಇರಲಿಲ್ಲ. ನಾನೇ ಒಂದೊಂದೇ ಅಂಕಿ ಹೇಳಿ ಬರೆಸಿದೆ.