ಬರೆಯುವ ಕೈ, ಕತ್ತರಿ ಹಿಡಿಯುವ ಕೈ

ಒಟ್ಟು ಒಂದು ಲಕ್ಷ ಎಂಬತ್ತೈದು ಸಾವಿರ ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಹಾಕಿಸಿಕೊಂಡು ಬಂದವರನ್ನು ನಮ್ಮ ಕಡೆ ಯಾರೂ "ಹ್ಯಾಂಗದೀರಿ" ಎಂದು ಮೊದಲು ಕೇಳುವುದಿಲ್ಲ, "ಎಷ್ಟಾತು" ಎಂದೇ ಕೇಳುತ್ತಾರೆ. ಇದರಲ್ಲಿ ದೊಡ್ಡ ಪಾಲು ಯಂತ್ರದ್ದು. ಒಂದು ತಂತಿಯದು ಅಗ್ಗ, ಎರಡು ತಂತಿಯದು ತುಟ್ಟಿ. ನನಗೆ ಎರಡು ಬೇಕು ಎಂದರು ಡಾಕ್ಟರು. ಯಾಕೆ ಎಂದು ಮೂರು ಸಲ, ಮೂರು ರೀತಿಯಲ್ಲಿ ಕೇಳಿದೆ. ಮೂರು ಸಲವೂ ಒಂದೇ ಉತ್ತರ. ಹಾಗೆ ಮಾತು ಬದಲಿಸದವರ ಜೊತೆ ನಾನು ಚೌಕಾಸಿ ಮಾಡುವುದಿಲ್ಲ. ರೂಮಿನ ಮೇಲೆ ಮಾಡಿದೆ. ಸ್ಪೆಷಲ್ ರೂಮ್ ಬಿಟ್ಟು ಜನರಲ್ ವಾರ್ಡಿನಲ್ಲಿ, ಸಿಸ್ಟರ್ ಕೂರುವ ಟೇಬಲ್ಲಿನ ಎದುರಿಗಿರುವ ಹಾಸಿಗೆಯನ್ನೇ ಹಟ ಹಿಡಿದು ಪಡೆದೆ. ದುಡ್ಡೂ ಉಳಿಯಿತು, ಕರೆದರೆ ಬರುವವರೂ ಹತ್ತಿರವಾದರು.

ನನಗೆ ಐವತ್ತೆಂಟು ವರ್ಷ. ಮಿರಜದಲ್ಲಿ ಸೀರೆ ಮತ್ತು ಬ್ಲೌಸ್ ಪೀಸಿನ ಅಂಗಡಿ ಇದೆ, ಹಿಂದೆಯೇ ಹೊಲಿಗೆಯ ಕೋಣೆ. ಹೊಲಿಯಲು ಇಬ್ಬರು ಹೆಂಗಸರಿದ್ದಾರೆ. ಕಟಿಂಗ್ ಮಾತ್ರ ನನ್ನದೇ. ಮೂವತ್ತು ವರ್ಷದ ಹಿಂದೆ ಬಟ್ಟೆಯ ಗಂಟು ಹೊತ್ತು ಎಸ್.ಟಿ. ಬಸ್ಸಿನಲ್ಲಿ ಲಿಂಗನೂರು, ಖಂಡೇರಾಜುರಿ ಎಂದು ತಿರುಗಿದವಳು ಅಂಗಡಿಯ ಮಾಲಕಿಯಾದದ್ದು ಕತ್ತರಿಯಿಂದ. ನಾನು ಕತ್ತರಿಸಿದ ಬ್ಲೌಸು ಕಂಕುಳಲ್ಲಿ ಹಿಡಿಯುವುದಿಲ್ಲ. ಹೊಗಳಿಕೊಳ್ಳುತ್ತಿಲ್ಲ, ಗಿರಾಕಿಗಳೇ ಹೇಳುವ ಮಾತು.

ಆ ಕಟಿಂಗ್ ಟೇಬಲ್ಲಿನ ಮುಂದೆ ನಿಂತಾಗಲೇ ಮೊದಲು ತಲೆ ಸುತ್ತಿತು. ಬಟ್ಟೆಯ ಮೇಲಿನ ಚಾಕ್‌ಪೀಸಿನ ಗೆರೆ ಒಂದಿದ್ದದ್ದು ಎರಡಾಯಿತು. ಕಣ್ಣು ಮಂಜಾಗಿರಬೇಕೆಂದು ಹೊಸ ಚಷ್ಮಾ ಮಾಡಿಸಿದೆ. ಮರುವಾರ ಮತ್ತೆ ಸುತ್ತಿತು. ಪಿತ್ತ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿದೆ. ಮೂರನೆಯ ಸಲ ಬಿದ್ದೇಬಿಟ್ಟೆ. ಎಚ್ಚರಾದಾಗ ಮೈಮೇಲೆ ಅರ್ಧ ಬಿಚ್ಚಿದ ಅಸ್ತರಿನ ಬಟ್ಟೆಯಿತ್ತು. ಪಕ್ಕದ ಕ್ಲಿನಿಕ್ಕಿನವರು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು.

ಮೂವತ್ತೆಂಟು.

ನಿಮಿಷಕ್ಕೆ ಎಪ್ಪತ್ತರ ಆಜುಬಾಜು ಬಡಿಯಬೇಕಾದ ಹೃದಯ ಅಷ್ಟೇ ಬಡಿಯುತ್ತಿತ್ತು. ಇಸಿಜಿ ತೆಗೆದು ಸಾಂಗಲಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಅಥಣಿಯ ಕಡೆಯವರು, ಕನ್ನಡದಲ್ಲೇ ಮಾತಾಡಿದರು. "ಹಾರ್ಟ್ ಬ್ಲಾಕ್ ಐತ್ರಿ ಮಾವಶಿ" ಎಂದರು, ಚಿಕ್ಕಮ್ಮನಿಗೆ ಹೇಳಿದ ಹಾಗೆ. ರಕ್ತನಾಳ ಕಟ್ಟಿದೆ ಎಂದು ತಿಳಿದು ನಾನು ಸ್ಟೆಂಟಿನ ರೇಟು ಕೇಳಿದೆ. ಅವರು ನಕ್ಕರು. ನಾಳ ಚೆನ್ನಾಗಿವೆ, ಹೃದಯಕ್ಕೆ "ಬಡಿ" ಎಂದು ಹೇಳುವ ಕರೆಂಟು ಮಧ್ಯದಲ್ಲಿ ನಿಲ್ಲುತ್ತಿದೆ ಎಂದು ವಿವರಿಸಿದರು.

ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಯಾವ ಕೈಲೆ ಬರೀತೀರಿ?"

"ಬಲಗೈಲೆ."

"ಹಂಗಾದ್ರ ಎಡಕ್ಕ ಹಾಕೋಣು."

ನಾನು ಸುಳ್ಳು ಹೇಳಲಿಲ್ಲ. ಬರೆಯುವುದು ಬಲಗೈಯಲ್ಲೇ, ಉಣ್ಣುವುದು, ದುಡ್ಡು ಎಣಿಸಿ ಕೊಡುವುದು ಎಲ್ಲವೂ ಬಲಗೈಯಲ್ಲೇ. ಆದರೆ ನಾನು ಹುಟ್ಟಾ ಎಡಚಿ. ಎಡಗೈ ಮುಂದೆ ಮಾಡಿದಾಗಲೆಲ್ಲ ಅಜ್ಜಿ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದಳು. ನಾಲ್ಕು ಜನರ ಕಣ್ಣಿಗೆ ಬೀಳುವ ಕೆಲಸಗಳು ಬಲಗೈಗೆ ಬಂದವು. ಕಾಣದ ಕೆಲಸಗಳು ಎಡಗೈಯಲ್ಲೇ ಉಳಿದವು. ಗಿರಾಕಿಗೆ ಎಡಗೈಯಿಂದ ವಸ್ತು ಕೊಟ್ಟರೆ ನಡೆಯುತ್ತದೆಯೇ? ಕತ್ತರಿ ಹಿಡಿಯುವಾಗ ಮಾತ್ರ ಒಳಗಿನ ಕೋಣೆಯಲ್ಲಿರುತ್ತೇನೆ. ಇಷ್ಟು ವರ್ಷ ಅಡಗಿಸಿಟ್ಟದ್ದನ್ನು ಡಾಕ್ಟರ ಮುಂದೆ ಹೇಳಬೇಕೆಂದು ಹೊಳೆಯಲೂ ಇಲ್ಲ.

ಹಿಂದಿನ ದಿನವೇ ಅಡ್ಮಿಟ್ ಆದೆ. ರಕ್ತದ ಪರೀಕ್ಷೆ, ಎಕೋ ಎಲ್ಲ ಆದವು. ಬಳೆ, ಮೂಗುತಿ, ಮಂಗಳಸೂತ್ರ ತೆಗೆದು ನಮ್ಮವರ ಕೈಗೆ ಕೊಟ್ಟೆ. ಸಿಸ್ಟರ್ ಬಂದು "ರಾತ್ರಿ ಹತ್ತರ ಮ್ಯಾಲ ಏನೂ ತಿನ್ನಂಗಿಲ್ಲ" ಎಂದಳು. "ನಾವು ಜೈನರವ್ವಾ, ಹೊತ್ತು ಮುಣಗಿದ ಮ್ಯಾಲ ಹೆಂಗೂ ಉಣ್ಣೂದಿಲ್ಲ. ಇದಕ್ಕೇನರ ಬಿಲ್ಲಿನಾಗ ಸೂಟ್, ರಿಯಾಯ್ತಿ ಕೊಡ್ತೀರೇನು?" ಎಂದೆ. ಪಕ್ಕದ ಹಾಸಿಗೆಯ ಅಜ್ಜಿಯೂ ನಕ್ಕಳು.

ಬೆಳಿಗ್ಗೆ ಔಷಧಿಯ ಸೋಪಿನಲ್ಲಿ ಸ್ನಾನ ಮಾಡಿಸಿದರು. ಎಡಗೈಗೆ ಸಲೈನಿನ ಸೂಜಿ ಹಾಕಿದರು. ಡಾಕ್ಟರು ಬಂದು ಎದೆಯ ಎಡಭಾಗದಲ್ಲಿ ಬೆರಳಾಡಿಸಿ ಎರಡು ಜಾಗ ತೋರಿಸಿದರು. ಒಂದು, ಕೊರಳ ಎಲುಬಿನ ಕೆಳಗೆ ನೇರವಾದ ಗೆರೆ. ಇನ್ನೊಂದು, ಇನ್ನೂ ಹೊರಗೆ, ತೋಳಿನ ಹತ್ತಿರ ಓರೆಯಾದದ್ದು. ಎರಡರಲ್ಲಿ ಯಾವುದಾದರೂ ನಡೆಯುತ್ತದಂತೆ. ನಾನು ಸುಮ್ಮನಿರುವವಳೇ?

"ಎಷ್ಟು ಇಂಚರಿ?"

"ಎರಡು."

"ಒಂದೂವರಿ ಮಾಡ್ರಿ."

"ಒಳಗ ಮಷಿನ್ ಕೂಡಬೇಕಲ್ಲರಿ ಮಾವಶಿ. ಪಾಕೆಟ್ ಬಿಗಿ ಆದ್ರ ಹೊಲಿಗಿ ಜಗ್ಗತೈತಿ."

ಅವರೂ ಅದನ್ನು ಪಾಕೆಟ್ ಎನ್ನುತ್ತಾರೆ ಎಂದು ಅಂದೇ ಗೊತ್ತಾದದ್ದು. ಬಿಗಿಯಾದ ಕಿಸೆ ಎಲ್ಲಿ ಹರಿಯುತ್ತದೆ ಎಂದು ನನಗೆ ಯಾರೂ ಹೇಳಬೇಕಿಲ್ಲ. ಎರಡು ಇಂಚಿಗೆ ಒಪ್ಪಿದೆ. ಜಾಗದ ಬಗ್ಗೆ ಮಾತ್ರ ನನ್ನದೊಂದು ಹೇಳಿಕೆಯಿತ್ತು: ಬ್ಲೌಸಿನ ಅಂಚು ಗಾಯದ ಮೇಲೆ ಉಜ್ಜಬಾರದು. ಅವರ ಪೆನ್ನು ಇಸಿದುಕೊಂಡು, ರಿಪೋರ್ಟಿನ ಲಕೋಟೆಯ ಹಿಂದೆ ಬಟ್ಟೆಗೆ ಗುರುತು ಹಾಕುವ ಹಾಗೆ ಒಂದೇ ಎಳೆತಕ್ಕೆ ಕೊರಳು, ಭುಜ, ತೋಳು ಬರೆದು ತೋರಿಸಿದೆ.

ಡಾಕ್ಟರು ಚಿತ್ರವನ್ನು ನೋಡಲಿಲ್ಲ.

ಪೆನ್ನು ನನ್ನ ಎಡಗೈಯಲ್ಲಿತ್ತು.

"ಮಾವಶಿ, ಬಲಗೈ ಅಂದಿದ್ರಲ್ಲರಿ?"

ನನಗಿಂತ ಮೊದಲು ಬಾಯಿ ಬಿಟ್ಟವರು ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಅಕ್ಕ. ಅವರನ್ನು ನಾವು ವನ್ಸ ಎಂದು ಕರೆಯುತ್ತೇವೆ. "ಅಕ್ಷರ ಅಷ್ಟ ಬಲಗೈಲೆ ಡಾಕ್ಟರ, ಉಳಿದದ್ದೆಲ್ಲಾ ಎಡಗೈಲೆ! ಲಗ್ನಾದ ವರ್ಷ ಇಕಿ ಎಡಗೈಲೆ ರೊಟ್ಟಿ ಬಡಿಯೂದು ನೋಡಿ ನಮ್ಮವ್ವ ಮೂರು ದಿನ ಮಾತಾಡಿರಲಿಲ್ಲ. ಮುಂದ ಅದ ರೊಟ್ಟಿ ಎರಡೆರಡು ಹಾಕಿಸ್ಕೊಂಡು ತಿಂದ್ಲು."

"ನೀವು ಬರಿಯೂ ಕೈ ಕೇಳಿದ್ರಿ, ಹೇಳಿದೆ" ಎಂದೆ.

"ದುಡಿಯೂ ಕೈ ಯಾವುದು?"

ಉತ್ತರ ಕೊಡಲು ನಾಚಿಕೆಯಾಯಿತು. ಎಡಗೈಯನ್ನೇ ಸ್ವಲ್ಪ ಎತ್ತಿ ತೋರಿಸಿದೆ.

ಅವರು ಸ್ಟೂಲು ಎಳೆದು ಕೂತರು. ಯಂತ್ರ ಹಾಕಿದ ಬದಿಯ ಕೈಯನ್ನು ಆರು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು, ಜೋರಾಗಿ ಎಳೆಯಬಾರದು. ತಂತಿಗಳು ಹೃದಯಕ್ಕೆ ಅಂಟಿಕೊಳ್ಳುವ ಮೊದಲು ಜಗ್ಗಿದರೆ ಜಾಗ ಬಿಟ್ಟು ಸರಿಯಬಹುದು. ಹಾಗಾದರೆ ಮತ್ತೆ ಟೇಬಲ್ ಹತ್ತಬೇಕು. ನಾಲ್ಕು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸುವ ಕೈ, ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸುವ ಕೈ, ಮೈಮರೆತು ಮೊದಲು ಮುಂದೆ ಹೋಗುವ ಕೈ ಅದೇ. ನಾನು ಜೋಪಾನ ಮಾಡುತ್ತೇನೆ ಎಂದರೂ ಅದು ಕೇಳುವುದಿಲ್ಲ.

"ಬಲಕ್ಕೂ ಹಾಕಾಕ ಬರತೈತಿ. ತಂತಿಗೆ ಹಾದಿ ತುಸು ಡೊಂಕು. ಸೂಜಿ ಬದಲಿ ಮಾಡಿ ಮತ್ತ ತಯಾರಿ ಮಾಡಬೇಕು, ಸ್ವಲ್ಪ ತಡ ಆಕ್ಕೈತಿ. ನಿಮ್ಮ ವಿಚಾರ ಹೇಳ್ರಿ."

ಎದುರಿನ ಪರದೆಯ ಮೇಲೆ ನನ್ನ ಹೃದಯ ನಲವತ್ತರ ಕೆಳಗೇ ಕುಂಟುತ್ತಿತ್ತು. ತಡ ಎಂಬ ಮಾತಿಗೆ ನಮ್ಮವರ ಮುಖ ಬಾಡಿತು. "ಮೊದಲ ಜೀವಾ ಉಳೀಲಿ, ಕೈ ಆಮ್ಯಾಲ ನೋಡಿದ್ರಾತು" ಎಂದರು. ತಪ್ಪು ಮಾತೇನಲ್ಲ. ಆದರೆ ಜೀವ ಉಳಿದ ಮೇಲೆ ಅದನ್ನು ಸಾಕಬೇಕಾದದ್ದೂ ಆ ಕೈಯೇ.

"ಅರ್ಧಾ ತಾಸಿನಾಗ ಏನರ ಹೆಚ್ಚುಕಮ್ಮಿ ಆಕ್ಕೈತೇನ್ರಿ?" ಎಂದು ಕೇಳಿದೆ.

"ನಾವು ಇಲ್ಲೇ ಅದೀವಿ. ಅಲ್ಲೀತನಕ ಹೃದಯ ಬಡಿಸಾಕ ತಾತ್ಪೂರ್ತೆ ಮಷಿನ್ನಿನ ವ್ಯವಸ್ಥಾನೂ ಐತಿ."

"ಹಂಗಾರ ಬಲಕ್ಕ ಹಾಕ್ರಿ."

ಬಲಕ್ಕೆ ಎಂದರೆ ಇನ್ನೊಂದು ತೊಡಕು. ಸೆರಗು ಮುಚ್ಚುವುದು ಎಡಭುಜವನ್ನು, ಬಲಗಡೆ ಎಲ್ಲ ಬಯಲು. ಅದಕ್ಕೆ ತೋಳಿನ ಹತ್ತಿರದ ಓರೆ ಗೆರೆಯನ್ನೇ ಆರಿಸಿದೆ. ಕಂಕುಳಲ್ಲೇ ಅಡಗಿಸಿಬಿಡಿ ಎಂದು ಒಂದು ಮಾತು ಹಾಕಿ ನೋಡಿದೆ. "ಇಲ್ಲರಿ" ಎಂದರು. ಆ "ಇಲ್ಲ"ದಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ಬಿಟ್ಟೆ.

ಆ ಭಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು. ಒತ್ತಿದ್ದು, ಎಳೆದದ್ದು ತಿಳಿಯುತ್ತಿತ್ತು, ನೋವು ಇರಲಿಲ್ಲ. ಕೊನೆಗೆ ಯಾರೋ "ಎಪ್ಪತ್ತು" ಎಂದರು. ತಿಂಗಳುಗಟ್ಟಲೆ ತಣ್ಣಗಿದ್ದ ಪಾದಗಳಿಗೆ ನಿಧಾನವಾಗಿ ಬಿಸಿ ಇಳಿಯಿತು.

ಅಳು ಬಂತು. ಅಷ್ಟೇ.

ಎಂಟು ವಾರವಾಯಿತು. ಗಾಯ ಒಣಗಿದೆ. ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು ಇದೆ, ಇನ್ನೂ ರೂಢಿಯಾಗಿಲ್ಲ. ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿದ್ದ ಮೊದಲ ದಿನಗಳಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೂತು ಎಲ್ಲರಿಗೂ ಎಡಗೈಯಿಂದಲೇ ಕೊಟ್ಟೆ. ಬುಧಗಾಂವದ ಹಳೆಯ ಗಿರಾಕಿ, ನಾವು ಕಾಕು ಎಂದು ಕರೆಯುವ ಹಿರಿಯಾಕೆ, ಕಣ್ಣರಳಿಸಿ, "ಏನವ್ವಾ, ಎಡಗೈಲೆ ಕೊಡಾಕತ್ತೀಯಲ್ಲ?" ಎಂದರು. "ನಿಮ್ಮ ಬ್ಲೌಸ್ ಇಷ್ಟು ವರ್ಷ ಇದ ಕೈ ಕತ್ತರಿಸೇತ್ರಿ ಕಾಕು. ಇವತ್ತು ಮುಖಾ ನೋಡ್ರಿ" ಎಂದೆ. ತೆಗೆದುಕೊಂಡರು. ಚೌಕಾಸಿಯನ್ನೂ ಬಿಡಲಿಲ್ಲ.

ನಿಮಗೆ ಯಾರಿಗಾದರೂ ಇದು ಬಂದರೆ ಇಷ್ಟು ಮಾಡಿ. ನಡೆಯುತ್ತಿರುವ ಮಾತ್ರೆಗಳನ್ನೆಲ್ಲ ಚೀಲಸಮೇತ ಒಯ್ದು ತೋರಿಸಿ, ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೊಬೈಲನ್ನು ಬ್ಲೌಸಿನಲ್ಲಿ ಇಡುವ ಚಟವಿದ್ದರೆ ಇವತ್ತೇ ಬಿಡಿ. ಕೈ ಎತ್ತಬೇಡಿ ಎಂದರೆ ಕಟ್ಟಿಯೇ ಇಡಿ ಎಂದಲ್ಲ, ಭುಜ ಹಿಡಿದುಕೊಳ್ಳುತ್ತದೆ. ಎಷ್ಟು ಆಡಿಸಬೇಕೆಂದು ಕೇಳಿಕೊಳ್ಳಿ. ಆಸ್ಪತ್ರೆಯವರು ಕೊಡುವ ಯಂತ್ರದ ಕಾರ್ಡು ಸದಾ ಜೊತೆಗಿರಲಿ. ರೂಮಿನ ಬೆಲೆಗೆ ಚೌಕಾಸಿ ಮಾಡಿ, ಪಾಕೆಟ್ಟಿನ ಅಳತೆಗೆ ಮಾಡಬೇಡಿ. ಮತ್ತು ಡಾಕ್ಟರ ಬಳಿ ಹೋಗುವಾಗ ನಿಮ್ಮ ಮರ್ಯಾದೆ ಕಾಯುವವರನ್ನು ಕರೆದೊಯ್ಯಬೇಡಿ, ನಿಮ್ಮ ಗುಟ್ಟು ಬಿಚ್ಚುವ ಬಾಯಿಬಡುಕರೊಬ್ಬರನ್ನು ಕರೆದೊಯ್ಯಿರಿ.