ಮಾಣಿಕ್ಯದೊಳಗಿನ ಮೂರು ಗೆರೆ

ಗೆಳೆಯರೇ, ಪಣಜಿಯ ನಮ್ಮ ಹರಳು ಪರೀಕ್ಷೆಯ ಲ್ಯಾಬಿನಲ್ಲಿ ಇವತ್ತು ನನಗೆ ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆ ಆಭರಣದ ಅಂಗಡಿಯ ಸಾವಕಾರರೊಬ್ಬರು ಮಾಣಿಕ್ಯದ ಉಂಗುರವನ್ನು ನನ್ನ ಟೇಬಲ್ ಮೇಲೆ ಕುಕ್ಕಿದರು. ಹಿಂದೆ ತಲೆ ತಗ್ಗಿಸಿ ನಿಂತಿದ್ದವರು ಮೆಹಬೂಬಸಾಬರು. ಬಿಜಾಪುರ ಕಡೆಯವರು, ಅದೇ ಅಂಗಡಿಯಲ್ಲಿ ಉಂಗುರಕ್ಕೆ ಹರಳು ಕೂರಿಸುತ್ತಾರೆ.

"ಈ ಕಳ್ಳ ನನ್ನ ಹರಳು ಬದಲಿ ಮಾಡ್ಯಾನ್ರಿ. ಭೂತಗನ್ನಡಿಯಾಗ ನೋಡಿದ್ರ ಒಳಗ ಗೆರಿ ಕಾಣತಾವ. ಖರೇ ಮಾಣಿಕ್ಯ ಸ್ವಚ್ಛ ಇರಬೇಕಲ್ರಿ!"

"ಅಲ್ಲಾನ ಆಣಿ ಅಕ್ಕಾರ, ಅವರು ಕೊಟ್ಟ ಹರಳನ್ನ ಕೂಡ್ಸೇನ್ರಿ," ಎಂದರು ಮೆಹಬೂಬಸಾಬರು.

ಸಾವಕಾರರ ಹರಳು, ಉಂಗುರಕ್ಕೆ ಕೂರಿಸುವ ಮೊದಲು, ಹೋದ ತಿಂಗಳು ಪರೀಕ್ಷೆಗೆ ನಮ್ಮಲ್ಲಿಗೇ ಬಂದಿತ್ತು. ಬಂದ ಪ್ರತಿ ಹರಳಿನ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪೆನ್ಸಿಲಿನಲ್ಲಿ ಬಿಡಿಸಿಡುವುದು ನನ್ನ ಕೆಲಸ. ಉಂಗುರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಹಳೆಯ ಚಿತ್ರ ತೆಗೆದು ಹೋಲಿಸಿದೆ. ಅದೇ ಮೂರು ಗೆರೆ, ಪಕ್ಕದಲ್ಲಿ ಅದೇ ಕಪ್ಪು ಚುಕ್ಕೆ.

"ಇದು ನಿಮ್ಮ ಹರಳ ಐತ್ರಿ ಸಾವಕಾರ್ರ. ಭೂಮ್ಯಾಗ ಹುಟ್ಟಿದ್ದಕ್ಕ ಇಂಥಾ ಗೆರಿ ಇರತಾವ. ಅದನ್ನ ನೋಡೇ ಖರೇ ಮಾಣಿಕ್ಯ ಅಂತ ಸರ್ಟಿಫಿಕೇಟ್ ಟೈಪ್ ಮಾಡಿ ಕೊಟ್ಟಿದ್ವಿ. ಕಾಗದ ಓದಿಲ್ಲೇನ್ರಿ?"

"ಹೌದೇನ್ರಿ? ಚಲೋ ಆತು ಬಿಡ್ರಿ," ಎಂದು ನಕ್ಕರು. ನಾಚಿಕೆಯಿಲ್ಲದೆ ನಕ್ಕರು!

"ಮೆಹಬೂಬಸಾಬರಿಗೆ ಏನೂ ಹೇಳಂಗಿಲ್ಲೇನ್ರಿ?" ಎಂದೆ.

"ಅವಂಗೇನ್ ಹೇಳೋದ್ರಿ? ನಮ್ಮ ಮನುಷ್ಯಾನ ಅದಾನ."

ಉಂಗುರವನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಜೇಬನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡು ಹೊರಟರು. 'ಕಳ್ಳ' ಎಂದ ಮಾತನ್ನು ಮಾತ್ರ ನನ್ನ ಟೇಬಲ್ ಮೇಲೆಯೇ ಬಿಟ್ಟು ಹೋದರು.