ಅಡುಗೆಮನೆಗೆ ಬೆನ್ನು ಹಾಕಿದ ಕಟ್ಟೆ

ಈಪರ್ ಪಟ್ಟಣದಿಂದ ಪೂರ್ವಕ್ಕೆ ಹೋದರೆ ಸಿಗುವ ಊರುಗಳಲ್ಲಿ ಒಂದು ಕಾಲಕ್ಕೆ ಕಂದಕವಿಲ್ಲದ ಹೊಲವೇ ಇರಲಿಲ್ಲ. ಮೊದಲ ಮಹಾಯುದ್ಧದ ನಾಲ್ಕು ವರ್ಷ ಎರಡು ಕಡೆಯ ಸಿಪಾಯಿಗಳೂ ಮೊಲಗಳ ಹಾಗೆ ನೆಲ ಬಗೆದು ಕೂತಿದ್ದು, ಯುದ್ಧ ಮುಗಿದ ಕೂಡಲೇ ಮಣ್ಣು ಕೊಡವಿಕೊಂಡು ಎದ್ದು ಹೋದರು. ಎದ್ದು ಹೋಗಲು ಉಳಿದಿದ್ದವರು, ಅಷ್ಟೆ. ಊರಿಗೆ ಮರಳಿದ ರೈತರು ಕಂದಕ ಮುಚ್ಚಿ ಬೀಟ್‌ಗೆಡ್ಡೆ ಹಾಕಿದರು. ಸಿದೋನಿಯೊಬ್ಬಳು ಮಾತ್ರ ತನ್ನ ಹೊಲದ ಮೂಲೆಯ ಕಂದಕವನ್ನು ಕೈತೋಟದ ಹಾಗೆ ನೋಡಿಕೊಂಡಳು.

ಸಿದೋನಿ ಬುಟ್ಟಿ ಹೆಣೆಯುವವರ ಮನೆಯ ಮಗಳು. ಓಡಿಲ್‌ನನ್ನು ಮದುವೆಯಾಗಿ ಎರಡನೇ ಬೆಳೆ ಮನೆಗೆ ಬರುವ ಮುಂಚೆ ಯುದ್ಧ ಬಂತು. ಗಂಡ ದಂಡಿಗೆ ಹೋದ, ಮನೆ ಫಿರಂಗಿಗೆ ಹೋಯಿತು. ಅವಳು ಪೋಪರಿಂಗೆ ಪಟ್ಟಣದಲ್ಲಿದ್ದ ಅಕ್ಕನ ಅಂಗಡಿ ಸೇರಿಕೊಂಡು, ಇಂಗ್ಲಿಷ್ ಸಿಪಾಯಿಗಳಿಗೆ ಆಲೂಗೆಡ್ಡೆ ಕರಿದು, ಮೊಟ್ಟೆ ಹುರಿದು ಹಾಕುತ್ತ ಯುದ್ಧ ಕಳೆದಳು. ಅವರ ಭಾಷೆಯನ್ನೂ ಅವರಿಂದಲೇ ಕಲಿತಳು. ಕಲಿತದ್ದರಲ್ಲಿ ಅರ್ಧ ಬೈಗುಳ ಎಂಬುದು ಅವಳಿಗೆ ಬಹಳ ದಿನ ಗೊತ್ತಿರಲಿಲ್ಲ.

ಓಡಿಲ್ ಜೀವಸಹಿತ ಬಂದ. ಇಬ್ಬರೂ ಊರಿಗೆ ಹೋಗಿ ನೋಡಿದರೆ ಊರೇ ಇಲ್ಲ. ಬಾವಿಯ ಕಲ್ಲು ಸಿಕ್ಕಿದ್ದರಿಂದ ಮನೆ ಇಲ್ಲಿತ್ತು ಎಂದು ಗೊತ್ತಾಯಿತು. ಅದರ ಪಕ್ಕದಲ್ಲೇ ಹಲಗೆಯ ಮನೆ ಎಬ್ಬಿಸಿಕೊಂಡರು. ಓಡಿಲ್ ಹೊಲದ ಹಳ್ಳ ಕಂದಕಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ. ಕೊನೆಯದೊಂದು ಉಳಿದಿದ್ದಾಗ ಕುದುರೆಗೆ ಕಾಯಿಲೆಯಾಯಿತು, ಆಮೇಲೆ ನೆಲ ಹೆಪ್ಪುಗಟ್ಟಿತು. ಉಳಿದದ್ದು ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಕಪ್ಪು ಟೋಪಿಯ ಹೆಂಗಸೊಬ್ಬಳು ಇಂಗ್ಲೆಂಡಿನಿಂದ ಬಂದು ಆ ಕಂದಕದ ಅಂಚಿನಲ್ಲಿ ನಿಂತಳು. ಹೆಸರು ಮಿಸೆಸ್ ಪೆಲ್ಲಿಂಗ್. ಅವಳ ಮಗ ಎಡ್ವಿನ್ ಮುರಿದ ಗಾಳಿಗಿರಣಿಯ ಎದುರಿನ ಕಂದಕದಲ್ಲಿದ್ದನೆಂದು ಅವನ ಗೆಳೆಯ ಹೇಳಿದ್ದನಂತೆ. ಹೆಣ ಸಿಕ್ಕಿರಲಿಲ್ಲ, ಹಾಗಾಗಿ ಗೋರಿಯೂ ಇರಲಿಲ್ಲ. ಗಿರಣಿಯ ಮೋಟು ಪಕ್ಕದ ಹೊಲದಲ್ಲಿ ಕಾಣುತ್ತಲೇ ಇತ್ತು. ಸಿದೋನಿ ಒಂದು ಲೋಟ ಕಾಫಿ ತಂದುಕೊಟ್ಟಳು. ಬರುವ ವರ್ಷವೂ ಇದು ಹೀಗೇ ಇರುತ್ತದೆಯೇ ಎಂದು ಆಕೆ ಕೇಳಿದಾಗ, ಹಿಂದೆ ಮುಂದೆ ನೋಡದೆ ಇರುತ್ತದೆ ಎಂದುಬಿಟ್ಟಳು.

ಹೇಳುವುದು ಸುಲಭ. ಅಲ್ಲಿಯದು ಜೇಡಿಮಣ್ಣು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಕಂದಕದ ಗೋಡೆ ಎರಡೂ ಕಡೆ ಜರಿದು, ಬಾತುಕೋಳಿಗಳು ಈಜುವ ಗುಂಡಿಯಾಯಿತು. ಸಿದೋನಿ ಸಲಿಕೆ ಹಿಡಿದು ಇಳಿದಳು. ಕೆಸರು ಎತ್ತಿ ಹಾಕಿ, ತವರಿನಲ್ಲಿ ಕಲಿತ ಹಾಗೆ ಮರದ ಬರಲುಗಳಿಂದ ತಡಿಕೆ ಹೆಣೆದು ಗೋಡೆಗೆ ನಿಲ್ಲಿಸಿದಳು, ಕೆಳಗೆ ಹಲಗೆ ಹಾಸಿದಳು. ಬಂದವರು ಕೂರಲಿ ಎಂದು ಒಂದು ಗೋಡೆಗೆ ಒತ್ತಿ ಉದ್ದಕ್ಕೂ ಮಣ್ಣಿನ ಕಟ್ಟೆ ಕಟ್ಟಿದಳು. ಅಂಚಿಗೆ ಚೆಂಡುಹೂವಿನ ಸಸಿ ಊರಿದಳು.

ಮಿಸೆಸ್ ಪೆಲ್ಲಿಂಗ್ ಪ್ರತಿ ಬೇಸಿಗೆ ಬಂದು ಆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮಗನೂ ಇಲ್ಲೇ ಕೂತಿದ್ದನಲ್ಲ ಎಂದು ಕಟ್ಟೆಯನ್ನು ಕೈಯಿಂದ ಸವರುತ್ತಿದ್ದಳು. ಸಿದೋನಿ ಅಡುಗೆಮನೆಯಿಂದ ಬಂದು ಹಿಂದಿನಿಂದಲೇ, ಭುಜದ ಮೇಲಿಂದ ಕಾಫಿ ಇಳಿಸುತ್ತಿದ್ದಳು. ಚಿಕೋರಿ ಧಾರಾಳವಾಗಿ ಬಿದ್ದ, ಕರಿ ಬಣ್ಣದ, ಗಟ್ಟಿ ಕಾಫಿ. ಲೋಟ ಯಾವಾಗಲೂ ತಳ ಕಾಣುವಂತೆ ಖಾಲಿಯಾಗಿ ಬರುತ್ತಿತ್ತು. ಸಿದೋನಿ ಹಿಗ್ಗಿ ಇನ್ನೊಂದು ಲೋಟ ಕೊಡುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕಪ್ಪು ಟೋಪಿ ಮಾತ್ರ ಕಾಣುತ್ತಿತ್ತು, ನೆಲದಿಂದ ಎದ್ದ ಅಣಬೆಯ ಹಾಗೆ.

ಓಡಿಲ್‌ಗೆ ಕಂದಕವೆಂದರೆ ಕಣ್ಣಿನ ಕಸ. ಅದಕ್ಕಾಗಿ ಪ್ರತಿ ಸಾಲಿನ ಕೊನೆಗೂ ಕುದುರೆ ತಿರುಗಿಸಬೇಕು. ಊರವರಿಗೂ ತಮಾಷೆ. ಎಲ್ಲರ ಹೆಂಡಿರೂ ಮನೆ ಗುಡಿಸಿದರೆ ನಿನ್ನವಳು ಯುದ್ಧ ಗುಡಿಸುತ್ತಾಳೆ ಎಂದು ಅವನನ್ನು ಕಾಡುತ್ತಿದ್ದರು.

ಎಂಟೊಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೊಂದು ವಸಂತದಲ್ಲಿ ಪಕ್ಕದ ಸಿಪಾಯಿ ಗೋರಿಗಳ ತೋಟ ನೋಡಿಕೊಳ್ಳಲು ಹಾಬ್ಸ್ ಎಂಬ ಹೊಸ ಇಂಗ್ಲಿಷ್ ಮಾಲಿ ಬಂದ. ಯುದ್ಧದಲ್ಲಿ ಈ ಭಾಗದಲ್ಲೇ ಕಾದಾಡಿದವನು. ಸೈಕಲ್ ಒರಗಿಸಿ, ಕಂದಕಕ್ಕೆ ಇಳಿದು, ಕಟ್ಟೆ ಹತ್ತಿ ನಿಂತು ನೋಡಿದವನೇ ನಗತೊಡಗಿದ.

"ಅಮ್ಮಾ, ಈ ಕಟ್ಟೆ ಕೂರೋದಕ್ಕಲ್ಲ, ಹತ್ತಿ ನಿಂತು ಗುಂಡು ಹೊಡೆಯೋದಕ್ಕೆ. ವೈರಿ ಇದ್ದದ್ದು ಆ ಕಡೆ. ಇದರ ಮೇಲೆ ನಿಂತು ಹೊಡೆದ್ರೆ ನಿಮ್ಮ ಸಾರಿನ ಪಾತ್ರೆಗೆ ಬೀಳತ್ತೆ."

ಸಿದೋನಿ ತಾನೂ ಹತ್ತಿ ನೋಡಿದಳು. ನೇರ ಎದುರಿಗೆ ಅವಳ ಅಡುಗೆಮನೆಯ ಕಿಟಕಿ. ಕಾಫಿ ಕೊಡಲು ಕೈಗೆಟುಕಲಿ ಎಂದು ಮನೆಯ ಕಡೆಯ ಗೋಡೆಗೆ ಕಟ್ಟಿದ್ದ ಕಟ್ಟೆ ಅದು. ಎಡ್ವಿನ್ ನಿಂತಿದ್ದರೆ ಬೆನ್ನ ಹಿಂದಿನ, ಆಚೆ ಕಡೆಯ ಗೋಡೆಗೆ ನಿಂತಿರಬೇಕು.

ಓಡಿಲ್ ಒಂದು ವಾರ ನಕ್ಕ. ನಕ್ಕು ಮುಗಿದ ಮೇಲೆ ಸೀದಾ ವಿಷಯಕ್ಕೆ ಬಂದ.

"ಸುಳ್ಳು ಕಂದಕ ಅಂತ ಗೊತ್ತಾಯ್ತಲ್ಲ. ಈ ಸಲ ಬೀಟ್ ಹಾಕೋಣ."

"ಇರುತ್ತೆ ಅಂತ ಮಾತು ಕೊಟ್ಟಿದೀನಿ."

"ಇದ್ದರೆ ತಾನೆ ಇರೋದಕ್ಕೆ? ಅದು ಹೋಗಿ ಎಷ್ಟೋ ವರ್ಷ ಆಯ್ತು. ಈಗಿರೋದು ನೀನು ಹೆಣೆದ ಬುಟ್ಟಿ ಕಣೇ."

ಆ ಮಾತು ಅವಳಿಗೆ ನಾಟಿತು. ಮಿಸೆಸ್ ಪೆಲ್ಲಿಂಗ್ ಬಂದಾಗ ನಿಜ ಹೇಳುವುದು, ಆಕೆ ಬೇಡವೆಂದರೆ ಮುಚ್ಚುವುದು ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡರು. ಕೇಳಿದ ಮೇಲೆ ಆಕೆ ಇನ್ನೆಂದೂ ಬರಲಾರಳು ಎಂದು ಸಿದೋನಿಗೆ ಅನ್ನಿಸಿತು. ಆ ವರ್ಷ ಚೆಂಡುಹೂವು ನೆಡುವಾಗ, ಕಟ್ಟೆಯ ಹಿಂದೆ ಏಕೋ ಪ್ರತಿ ಸಲ ಕರಟುತ್ತಿದ್ದ ಸಾಲನ್ನೂ ಬಿಡದೆ, ಇದೇ ಕೊನೆಯ ಸಲವೇನೋ ಎಂದುಕೊಂಡೇ ನೆಟ್ಟಳು.

ಮಿಸೆಸ್ ಪೆಲ್ಲಿಂಗ್ ಬಂದಳು, ಕೂತಳು, ಕಟ್ಟೆ ಸವರಿದಳು. ಸಿದೋನಿ ಕೆಳಗಿಳಿದು ಎದುರಿಗೆ ನಿಂತು ತನ್ನ ಸಿಪಾಯಿ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ತಡಿಕೆ ನನ್ನದು, ಹಲಗೆ ನನ್ನದು, ಕಟ್ಟೆಯನ್ನು ತಪ್ಪು ಕಡೆ ಕಟ್ಟಿದ್ದೂ ನಾನೇ ಎಂದಳು. ನಡುವೆ ಎರಡು ಮೂರು ಬೈಗುಳವೂ ಸೇರಿತು.

ಮಿಸೆಸ್ ಪೆಲ್ಲಿಂಗ್‌ಳ ಮುಖ ಸಪ್ಪಗಾಯಿತು. ಕಟ್ಟೆಯ ಮೇಲಿಟ್ಟಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಎದ್ದು, ಹಲಗೆ ದಾಟಿ, ಎದುರಿನ ಗೋಡೆಯ ಹತ್ತಿರ ಹೋಗಿ ತಡಿಕೆಗೆ ಅಂಗೈ ಒತ್ತಿ ನಿಂತಳು.

"ಹಾಗಾದರೆ ಈ ಕಡೆ."

"ಈ ಕಡೆ ಅಂತ ಹಾಬ್ಸ್ ಹೇಳ್ತಾನೆ."

"ನಿಮ್ಮ ಹತ್ತಿರ ಇನ್ನೊಂದು ಸಲಿಕೆ ಇದೆಯಾ?"

ಇತ್ತು. ಟೋಪಿ ತೆಗೆದಿಟ್ಟು ಆಕೆ ಅಗೆಯತೊಡಗಿದಳು. ಸಿದೋನಿಯೂ ಅಗೆದಳು. ಬೀಟ್ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಓಡಿಲ್ ಕೇಳಿಯೂ ಕೇಳದ ಹಾಗಿದ್ದ. ಆದರೆ ಇಂಗ್ಲಿಷ್ ಹೆಂಗಸು ಸಲಿಕೆ ಹಿಡಿದ ರೀತಿ ಅವನಿಂದ ನೋಡಲಾಗಲಿಲ್ಲ. ಸೂಪಿನ ಚಮಚ ಹಿಡಿದ ಹಾಗೆ ಹಿಡಿದಿದ್ದಳು. ಒಂದು ಸಲ ತಿರುಗಿ ನೋಡಿದ, ಎರಡು ಸಲ ನೋಡಿದ. ಮೂರನೇ ಸಲ ಗೊಣಗುತ್ತ ಇಳಿದು ಬಂದು ಆಕೆಯ ಕೈಯಿಂದ ಸಲಿಕೆ ಕಿತ್ತುಕೊಂಡ.

"ಕಟ್ಟೋದೇ ಆದರೆ ನಿಲ್ಲೋ ಹಾಗೆ ಕಟ್ಟಬೇಕು," ಎಂದ. ಇದನ್ನು ಆಕೆಗೆ ತಿಳಿಸು ಎಂದು ಹೆಂಡತಿಗೆ ಹೇಳಿದ. ಸಿದೋನಿ ತಿಳಿಸಲಿಲ್ಲ, ತಿಳಿಸುವ ಅಗತ್ಯವೂ ಇರಲಿಲ್ಲ.

ಸಂಜೆಗೆ ಕಟ್ಟೆ ಸಿದ್ಧವಾಯಿತು, ಸರಿಯಾದ ಕಡೆಗೆ, ಓಡಿಲ್‌ನ ಮಟ್ಟದ ಕೋಲಿಗೆ ಸರಿಯಾಗಿ. ಬೀಟ್ ಮಾತನ್ನು ಅವನು ಎತ್ತಲಿಲ್ಲ. ಮಾರನೆಯ ದಿನ ಮಿಸೆಸ್ ಪೆಲ್ಲಿಂಗ್ ಅದರ ಮೇಲೆ, ಮನೆಯ ಕಡೆ ಮುಖ ಮಾಡಿ ಕೂತಳು. ಕಾಫಿ ಕೊಡಲು ಸಿದೋನಿ ಸುತ್ತಿ ಬಳಸಿ ಕಂದಕಕ್ಕೆ ಇಳಿಯಬೇಕಾಯಿತು. ಕೊಟ್ಟು, ಅಡುಗೆಮನೆಗೆ ವಾಪಸಾಗಿ, ಅಭ್ಯಾಸಬಲದಿಂದ ಕಿಟಕಿಯಲ್ಲಿ ನೋಡಿದಳು. ಇಷ್ಟು ವರ್ಷ ಬರೀ ಟೋಪಿ ಕಾಣುತ್ತಿದ್ದಲ್ಲಿ ಈಗ ಟೋಪಿಯ ಕೆಳಗೆ ಮುಖವೂ ಕಂಡಿತು.

ಮಿಸೆಸ್ ಪೆಲ್ಲಿಂಗ್ ಲೋಟವನ್ನು ತುಟಿಗೆ ತಾಗಿಸಿದಳು. ಬೇವಿನ ಕಷಾಯ ಕುಡಿದವರ ಹಾಗೆ ಮುಖ ಕಿವುಚಿದಳು. ಆಮೇಲೆ ಎದ್ದು ಹಿಂದೆ ತಿರುಗಿ, ಕೈ ಚಾಚಿ, ಕಾಫಿಯನ್ನೆಲ್ಲ ಚೆಂಡುಹೂವಿನ ಬುಡಕ್ಕೆ ನಿಧಾನವಾಗಿ, ಒಂದು ತೊಟ್ಟೂ ಉಳಿಯದ ಹಾಗೆ ಸುರಿದಳು.

ಸಿದೋನಿ ಕಿಟಕಿಯಿಂದ ಸರಿದು ನಿಂತಳು. ಹಳೆಯ ಕಟ್ಟೆಯ ಹಿಂದೆ ಮಾತ್ರ ಪ್ರತಿ ವರ್ಷ ಸಸಿಗಳು ಏಕೆ ಕರಟುತ್ತಿದ್ದವು ಎಂಬುದು ಅವಳಿಗೆ ಆಗ ಹೊಳೆಯಿತು. ಓಡಿಲ್‌ಗೆ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ವಾರ ನಗುತ್ತಿದ್ದ. ಒಲೆಯ ಮೇಲಿದ್ದ ಕಾಫಿಯನ್ನು ಬದಿಗಿಟ್ಟು ಬರೀ ನೀರು ಕಾಯಿಸಿದಳು. ಹಾಬ್ಸ್‌ನ ಹತ್ತಿರ ಚಹಾಪುಡಿ ಇರುತ್ತದೆ, ಒಂದಿಷ್ಟು ಇಸಿದುಕೊಂಡು ಬಾ ಎಂದು ಗಂಡನನ್ನು ಕಳಿಸಿದಳು.